ಕೆನಡಾಕ್ಕೆ ಡೆಂಚರಿಸ್ಟ್ ಆಗೋಕೆ ಹೊರಟಿರೋರಿಗೂ, ಅವರನ್ನ ಕಳಿಸ್ತಿರೋರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದ ಡೆಂಟಲ್ ಲ್ಯಾಬ್‌ಗಳಲ್ಲಿ ಕೂತು ಮೇಣದ ಮೇಲೆ ಹಲ್ಲು ಜೋಡಿಸ್ತಿರೋ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರಿಗೆ, ಬಿಡಿಎಸ್ ಮುಗಿಸಿ ಮುಂದೇನು ಅಂತ ತಲೆ ಕೆರ್ಕೊಳ್ತಿರೋ ಡಾಕ್ಟ್ರುಗಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಫಾರಿನ್ ಎಜುಕೇಶನ್ ಅಂತ ಬೋರ್ಡ್ ಹಾಕ್ಕೊಂಡಿರೋ ಕನ್ಸಲ್ಟೆನ್ಸಿಯೋರಿಗೆ, ಮತ್ತೆ ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾ ನಡೆಸೋ ಕಾಲೇಜುಗಳ ಪ್ರಿನ್ಸಿಪಾಲರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಡೆಂಚರಿಸ್ಟ್, ಅಂದ್ರೆ ಹಲ್ ಸೆಟ್ ಮಾಡೋನು. ಅದಕ್ಕೂ ಮುಂಚೆ ನಮ್ಮೂರ ಕಡೆ ಲ್ಯಾಬಲ್ಲಿ ಡೆಂಟಲ್ ಮೆಕ್ಯಾನಿಕ್ ಆಗಿದ್ದೆ, ಇಲ್ಲಿಗೆ ಪಿಆರ್ (ಕಾಯಂ ವಾಸದ ಅನುಮತಿ) ಮೇಲೆ ಫ್ಯಾಮಿಲಿ ಜೊತೆ ಬಂದು ಆಮೇಲೆ ಓದಿದ್ದು. ಈ ಪತ್ರ ಯಾಕೆ ಅಂದ್ರೆ ಇತ್ತೀಚೆಗೆ ನಂಗೆ ಬರೋ ಮೆಸೇಜೆಲ್ಲ ಹೆಚ್ಚುಕಮ್ಮಿ ಒಂದೇ ತರ. "ಸರ್ ನಂದು ಬಿಡಿಎಸ್ ಆಗಿದೆ, ಡೆಂಚರಿಸ್ಟ್ ಲೈಸೆನ್ಸ್ ಬೇಗ ಸಿಗತ್ತಂತೆ, ಅದು ತಗೊಂಡು ಆಮೇಲೆ ಡೆಂಟಿಸ್ಟ್‌ಗೆ ಕನ್ವರ್ಟ್ ಮಾಡ್ಕೋಬಹುದಂತೆ ಹೌದಾ?" ಇಲ್ಲ. ಕನ್ವರ್ಟ್ ಅನ್ನೋದೇ ಇಲ್ಲ. ಯಾರು ಹೇಳಿದ್ರು ಅಂತ ಕೇಳಿದ್ರೆ ಕನ್ಸಲ್ಟೆನ್ಸಿಯೋರು ಅಂತಾರೆ. ಆದ್ರೆ ಈ ಕೋರ್ಸು ನಿಜವಾಗಿ ಯಾರ ಕೈಗೆ ಹೊಂದತ್ತೋ ಆ ಲ್ಯಾಬ್ ಹುಡುಗರಿಗೆ ಇಂಥದ್ದೊಂದು ಕೆಲಸ ಪ್ರಪಂಚದಲ್ಲಿ ಇದೆ ಅಂತಾನೂ ಯಾರೂ ಹೇಳಿರಲ್ಲ, ನನ್ನ ಹೊಟ್ಟೆಯುರಿ ಇರೋದು ಅಲ್ಲಿ.

ಮೊದಲು ಡೆಂಚರಿಸ್ಟ್ ಅಂದ್ರೆ ಯಾರು ಅಂತ ಹೇಳ್ಬಿಡ್ತೀನಿ. ಹಲ್ಲು ಪೂರ್ತಿ ಇಲ್ಲದೋರಿಗೆ, ಕೆಲವು ಮಾತ್ರ ಹೋಗಿರೋರಿಗೆ ತೆಗೆದು ಹಾಕೋ ಹಲ್ ಸೆಟ್ ಮಾಡೋನು. ಅಳತೆ ತಗೊಳ್ಳೋದೂ ಅವನೇ, ಲ್ಯಾಬಲ್ಲಿ ಮಾಡೋದೂ ಅವನೇ, ಬಾಯಲ್ಲಿ ಕೂರಿಸೋದೂ ಅವನೇ, ವಾರ ಬಿಟ್ಟು "ಇಲ್ಲಿ ಚುಚ್ತಿದೆ" ಅಂತ ಬಂದಾಗ ಬೈಸ್ಕೊಳ್ಳೋದೂ ಅವನೇ. ಒಂಟಾರಿಯೋದಲ್ಲಿ ಇದಕ್ಕೆ ಅಂತಾನೇ 1991ರ ಡೆಂಚರಿಸಂ ಆಕ್ಟ್ ಇದೆ, ಕಾಲೇಜ್ ಆಫ್ ಡೆಂಚರಿಸ್ಟ್ಸ್ ಆಫ್ ಒಂಟಾರಿಯೋ ಅಂತ ಒಂದು ಸಂಸ್ಥೆ ಇದೆ (ಹೆಸರು ನೋಡಿ ಮೋಸ ಹೋಗ್ಬೇಡಿ, ಅಲ್ಲಿ ಪಾಠ ಮಾಡಲ್ಲ, ಅದು ನಮ್ಮ ಕಡೆ ಡೆಂಟಲ್ ಕೌನ್ಸಿಲ್ ಇದ್ದ ಹಾಗೆ ರಿಜಿಸ್ಟ್ರೇಷನ್ ಮಾಡೋ ಜಾಗ). ಪೇಷಂಟ್ ನೇರವಾಗಿ ನಮ್ಮ ಹತ್ರಾನೇ ಬರಬಹುದು, ಡೆಂಟಿಸ್ಟ್ ಚೀಟಿ ಬರ್ಕೊಡಬೇಕು ಅಂತಿಲ್ಲ. ಆದ್ರೆ ಹಲ್ಲು ಕೀಳೋದು, ಫಿಲ್ಲಿಂಗು, ರೂಟ್ ಕೆನಾಲು, ಇಂಪ್ಲಾಂಟ್ ಸರ್ಜರಿ ಇವು ಯಾವುದನ್ನೂ ನಾವು ಮುಟ್ಟಂಗಿಲ್ಲ. ಇಂಪ್ಲಾಂಟ್ ಡೆಂಟಿಸ್ಟೋ ಸರ್ಜನ್ನೋ ಹಾಕಿದ ಮೇಲೆ ಅದರ ಮೇಲೆ ಕೂರೋ ಸೆಟ್ ಮಾಡಬಹುದು.

ಈಗ ನಮ್ಮ ಕಡೆ ಹೇಗಿದೆ ನೋಡಿ. 1948ರ ಡೆಂಟಿಸ್ಟ್ಸ್ ಆಕ್ಟಲ್ಲಿ ಡೆಂಟಲ್ ಮೆಕ್ಯಾನಿಕ್ ಅಂದ್ರೆ ಹಲ್ ಸೆಟ್ ಮತ್ತೆ ಹಲ್ಲಿನ ಸಾಮಾನು ಮಾಡೋನು, ರಿಪೇರಿ ಮಾಡೋನು ಅಷ್ಟೇ. ಪಿಯುಸಿ ಸೈನ್ಸ್ ಆದ್ಮೇಲೆ 2 ವರ್ಷದ ಕೋರ್ಸು. ಪೇಷಂಟ್ ಬಾಯಿಗೆ ಕೈ ಹಾಕೋ ಹಾಗಿಲ್ಲ. ಡಾಕ್ಟ್ರು ಅಳತೆ ತೆಗೆದು ಕಳಿಸ್ತಾರೆ, ಜೊತೆಗೆ ಹಲ್ಲಿನ ಬಣ್ಣ ಬರೆದ ಒಂದು ಚೀಟಿ, "ಎ3 ಶೇಡ್, ಅರ್ಜೆಂಟ್". ಆ ಮನುಷ್ಯನ ಮುಖ ದುಂಡಗಿದೆಯೋ ಉದ್ದ ಇದೆಯೋ, ನಗೋವಾಗ ತುಟಿ ಎಷ್ಟು ಮೇಲೆ ಹೋಗತ್ತೋ, ಏನೂ ಗೊತ್ತಿಲ್ಲ. ಮೇಣದ ರಿಮ್ ಮೇಲೆ ಡಾಕ್ಟ್ರು ಎಳೆದಿರೋ ನಡುಗೆರೆ, ಕೋರೆಹಲ್ಲಿನ ಗೆರೆ, ನಗುವಿನ ಗೆರೆ ಇಷ್ಟು ನೋಡ್ಕೊಂಡು ಒಬ್ಬ ಮನುಷ್ಯನ ನಗು ತಯಾರಾಗ್ಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ ಸೆಟ್ ಕೊಡೋ ದಂತ ಭಾಗ್ಯ ಯೋಜನೆ ಸುದ್ದಿ ಬಂದಾಗೆಲ್ಲ ಮಂತ್ರಿಗಳ ಫೋಟೋ ಇರತ್ತೆ, ಡಾಕ್ಟ್ರ ಫೋಟೋ ಇರತ್ತೆ, ಬೊಚ್ಚುಬಾಯಿ ತುಂಬ್ಕೊಂಡು ನಗ್ತಿರೋ ಅಜ್ಜನ ಫೋಟೋ ಇರತ್ತೆ. ಆ ಹಲ್ಲು ಜೋಡಿಸಿದವನು ಅದೇ ಹೊತ್ತಲ್ಲಿ ಲ್ಯಾಬಿನ ಮೂಲೇಲಿ ಅಕ್ರಿಲಿಕ್ ಧೂಳಿನ ಮಧ್ಯೆ ಮುಂದಿನ ಸೆಟ್ ಪಾಲಿಶ್ ಹೊಡೀತಿರ್ತಾನೆ.

ತಪ್ಪು ತಿಳ್ಕೋಬೇಡಿ, ಡೆಂಟಿಸ್ಟ್‌ಗಳ ಮೇಲೆ ದೂರು ಹೇಳ್ತಿಲ್ಲ. ಜಾತ್ರೆ ಸಂತೇಲಿ ರಸ್ತೆ ಬದಿ ಕೂತು, ಪಕ್ಕದ ಹಲ್ಲಿಗೆ ತಂತಿ ಸುತ್ತಿ ಅಕ್ರಿಲಿಕ್ ಮೆತ್ತಿ "ಫಿಕ್ಸ್ ಹಲ್ಲು" ಅಂತ ಕೂರಿಸಿ ಕಳಿಸೋರನ್ನ ನೋಡಿದೀನಿ, ಅದರ ಕೆಳಗೆ ಒಸಡು ಕೊಳೆತು ಇದ್ದ ಒಳ್ಳೆ ಹಲ್ಲೂ ಹೋಗಿರೋದನ್ನೂ ನೋಡಿದೀನಿ. ಆ ಭಯ ನಿಜ. ಕೆನಡಾದಲ್ಲೂ ಮೊದಲು ಹಿಂಗೇ ಇತ್ತು, ಲ್ಯಾಬ್ ಟೆಕ್ನಿಷಿಯನ್‌ಗಳು ಹಿಂಬಾಗಿಲಲ್ಲಿ ಜನಕ್ಕೆ ಕಡಿಮೆ ರೇಟಿಗೆ ಸೆಟ್ ಮಾಡ್ಕೊಡ್ತಿದ್ರು, ಅದು ಕಾನೂನಿಗೆ ವಿರುದ್ಧ, ಡೆಂಟಿಸ್ಟ್‌ಗಳ ಜೊತೆ ಜಗಳ, ಕೋರ್ಟು. ಆಮೇಲೆ ಒಂದೊಂದೇ ಪ್ರಾಂತ್ಯದವರು ಸರಿ ಹಂಗಾದ್ರೆ ಇವರಿಗೆ ಓದಿಸಿ, ಪರೀಕ್ಷೆ ಇಟ್ಟು, ರಿಜಿಸ್ಟರ್ ಮಾಡಿ, ತಪ್ಪು ಮಾಡಿದ್ರೆ ಹಿಡಿಯೋಣ ಅಂತ ಕಾನೂನು ತಂದ್ರು. ಅಮೆರಿಕದ ಆರೆಗನ್‌ನಲ್ಲಂತೂ 1978ರಲ್ಲಿ ಜನಾನೇ ವೋಟ್ ಹಾಕಿ ಇದನ್ನ ಕಾನೂನು ಮಾಡಿದ್ರು, ವಾಷಿಂಗ್ಟನ್ ರಾಜ್ಯದಲ್ಲಿ 1994ರಲ್ಲಿ ಹಂಗೇ. ಹಲ್ ಸೆಟ್ ಯಾರು ಮಾಡಬೇಕು ಅಂತ ಜನ ಕ್ಯೂ ನಿಂತು ವೋಟ್ ಹಾಕೋದು ನಮಗೆ ವಿಚಿತ್ರ ಅನ್ನಿಸಬಹುದು, ಆದ್ರೆ ಅಗಿಯೋಕಾಗದೆ ಇರೋರಿಗೆ ಅದು ಸಣ್ಣ ವಿಷಯ ಅಲ್ಲ. ಇಂಗ್ಲೆಂಡಲ್ಲಿ ಇದೇ ಕೆಲಸದೋರಿಗೆ ಕ್ಲಿನಿಕಲ್ ಡೆಂಟಲ್ ಟೆಕ್ನಿಷಿಯನ್ ಅಂತಾರೆ, ಆಸ್ಟ್ರೇಲಿಯಾದಲ್ಲಿ ಡೆಂಟಲ್ ಪ್ರಾಸ್ಥೆಟಿಸ್ಟ್, ಫಿನ್ಲೆಂಡ್ ಡೆನ್ಮಾರ್ಕಲ್ಲೂ ಇದಾರೆ. ನಮ್ಮ ದೇಶದಲ್ಲಿ ಇಲ್ಲ. ಹಂಗಂತ ಲ್ಯಾಬಲ್ಲಿರೋ ತಮ್ಮಂದಿರೇ, ಈ ಪತ್ರ ಓದಿ ನಾಳೆ ಬೆಳಿಗ್ಗೆ ಅಳತೆ ತಗೊಳ್ಳೋ ಇಂಪ್ರೆಷನ್ ಟ್ರೇ ಹಿಡ್ಕೊಂಡು ಅಜ್ಜಿ ಮನೆಗೆ ಹೊರಟ್ಬಿಡಬೇಡಿ, ನಮ್ಮಲ್ಲಿ ಅದು ಅಪರಾಧ, ಅದಕ್ಕೆ ಬೇಕಾದ ಓದೂ ನಿಮಗಿನ್ನೂ ಆಗಿಲ್ಲ.

ಆ ಓದು ಏನು ಅಂತ ಹೇಳ್ತೀನಿ, ಯಾಕಂದ್ರೆ ಬ್ರೋಷರಲ್ಲಿ ಬಿಳಿ ಕೋಟಿನ ಫೋಟೋ ಬಿಟ್ಟು ಬೇರೇನೂ ಇರಲ್ಲ. ಟೊರಾಂಟೋದ ಜಾರ್ಜ್ ಬ್ರೌನಲ್ಲಿ 3 ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾ, ಎಡ್ಮಂಟನ್ನಿನ ನೈಟ್‌ನಲ್ಲಿ (ನಾರ್ದರ್ನ್ ಆಲ್ಬರ್ಟಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಡೆಂಚರಿಸ್ಟ್ ಕೋರ್ಸಿದೆ, ಕ್ವಿಬೆಕ್‌ನ ಲಾಂಗೇಯ್‌ನಲ್ಲಿ ಎದುವಾರ್ ಮೋಂಪೆತಿ ಅಂತ ಕಾಲೇಜಲ್ಲಿ 3 ವರ್ಷದ್ದು ಇದೆ, ಅದು ಪೂರ್ತಿ ಫ್ರೆಂಚಲ್ಲಿ. ಇನ್ನೂ ಕೆಲವು ಪ್ರೈವೇಟ್ ಕಾಲೇಜಿದಾವೆ. ದೇಶ ಇಷ್ಟು ದೊಡ್ಡದಾದ್ರೂ ಈ ಕೋರ್ಸ್ ಕೊಡೋ ಕಾಲೇಜು ಕೈಬೆರಳಲ್ಲಿ ಎಣಿಸೋ ಅಷ್ಟೇ, ಸೀಟೂ ಕಮ್ಮಿ.

ಲ್ಯಾಬ್ ಭಾಗ ನಮ್ಮೋರಿಗೆ ನೀರು ಕುಡಿದಷ್ಟು ಸುಲಭ. ಮಾಡೆಲ್ ಹುಯ್ಯೋದು, ಸ್ಪೆಷಲ್ ಟ್ರೇ, ಬೈಟ್ ರಿಮ್, ದವಡೆ ತರ ಆಡೋ ಆರ್ಟಿಕ್ಯುಲೇಟರಿಗೆ ಏರಿಸಿ ಹಲ್ಲು ಜೋಡಿಸೋದು, ಅಚ್ಚಿಗೆ ಹಾಕೋ ಫ್ಲಾಸ್ಕಿಂಗ್, ಮೇಣ ಕರಗಿಸೋ ಡಿವ್ಯಾಕ್ಸ್, ಅಕ್ರಿಲಿಕ್ ಬೇಯಿಸೋ ಹೀಟ್ ಕ್ಯೂರು, ಟ್ರಿಮ್ಮಿಂಗ್, ಪಾಲಿಶ್, ಇದೆಲ್ಲ ಕಣ್ಣು ಮುಚ್ಕೊಂಡು ಮಾಡ್ತೀರಿ. ಈಗ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲೇ ಡಿಸೈನ್ ಮಾಡಿ ಮಿಲ್ಲಿಂಗ್, ತ್ರೀಡಿ ಪ್ರಿಂಟ್ ಮಾಡೋದೂ ಕಲಿಸ್ತಾರೆ, ಬೆಂಗಳೂರಿನ ದೊಡ್ಡ ಲ್ಯಾಬಲ್ಲಿ ಇರೋರಿಗೆ ಅದೂ ಹೊಸದಲ್ಲ. ಕಷ್ಟ ಶುರುವಾಗೋದು ಪೇಷಂಟ್ ಕುರ್ಚಿ ಪಕ್ಕ. ತಲೆ ಕತ್ತಿನ ಅನಾಟಮಿ, ಸೂಕ್ಷ್ಮಜೀವಿಗಳು, ಇನ್ಫೆಕ್ಷನ್ ಕಂಟ್ರೋಲು, ವಯಸ್ಸಾದೋರ ಆರೋಗ್ಯ, ಅವರು ತಗೊಳ್ಳೋ ಮಾತ್ರೆಗಳಿಂದ ಬಾಯಿ ಒಣಗೋದು, ಒಣಗಿದ ಬಾಯಲ್ಲಿ ಮೇಲಿನ ಸೆಟ್ ನಿಲ್ಲದೆ ಇರೋದು, ಹಲ್ಲು ಹೋದ ಮೇಲೆ ದವಡೆ ಮೂಳೆ ವರ್ಷ ವರ್ಷ ಸವೀತಾ ಹೋಗೋದು, ಇದನ್ನೆಲ್ಲ ಓದಿ ಅರ್ಥ ಮಾಡ್ಕೊಂಡು ಆಮೇಲೆ ನಿಜವಾದ ಪೇಷಂಟ್ ಮೇಲೆ ಟೀಚರ್ ಕಣ್ಣ ಮುಂದೆ ಮಾಡಬೇಕು. ಗ್ರೀನ್ ಸ್ಟಿಕ್ (ಬಿಸಿಗೆ ಮೆತ್ತಗಾಗೋ ಅಚ್ಚಿನ ಕಡ್ಡಿ) ಕರಗಿಸಿ ಟ್ರೇ ಅಂಚಿಗೆ ಹಚ್ಚಿ ಕೆನ್ನೆ ತುಟಿ ನಾಲಿಗೆ ಆಡಿಸಿ ಬಾರ್ಡರ್ ಮೋಲ್ಡಿಂಗ್ ಮಾಡೋದಿದೆಯಲ್ಲ, ಅದನ್ನ ಲ್ಯಾಬಲ್ಲಿ ಎಷ್ಟು ಸಾವಿರ ಮಾಡೆಲ್ ನೋಡಿದ್ರೂ ಬರಲ್ಲ. ಕೆಳಗಿನ ದವಡೆ ಹಿಂದಕ್ಕೆ ಸರಿಯಾದ ಜಾಗದಲ್ಲಿ ನಿಲ್ಲೋ ಹಾಗೆ ಮಾಡಿ, ಎಷ್ಟು ಎತ್ತರಕ್ಕೆ ಕಚ್ಚಬೇಕು ಅಂತ ಗುರುತು ಮಾಡೋದು ಇನ್ನೂ ಕಷ್ಟ. ಎರಡು ಮಿಲಿಮೀಟರ್ ಜಾಸ್ತಿ ಆದ್ರೆ ಹಲ್ಲು ಟಕಟಕ ಅಂತ ಬಡ್ಕೊಳತ್ತೆ, ಕಮ್ಮಿ ಆದ್ರೆ ಮುಖ ಇನ್ನೂ ಹತ್ತು ವರ್ಷ ಮುದಿಯಾಗಿ ಕಾಣತ್ತೆ.

ಇದನ್ನ ಪರೀಕ್ಷೆ ಮಾಡೋ ಒಂದು ದಾರಿ ಮಾತು. ಇಲ್ಲಿ ಪೇಷಂಟ್ ಕೈಲಿ ಸಿಕ್ಸ್ಟಿ ಸಿಕ್ಸ್, ಫಿಫ್ಟಿ ಫೈವ್ ಅಂತ ಎಣಿಸೋಕೆ ಹೇಳ್ತೀವಿ, ಸ ಅನ್ನೋವಾಗ ಮೇಲೆ ಕೆಳಗಿನ ಹಲ್ಲಿನ ಮಧ್ಯೆ ಸಣ್ಣ ಸಂದು ಉಳೀಬೇಕು, ಫ ಅನ್ನೋವಾಗ ಮೇಲಿನ ಮುಂದಿನ ಹಲ್ಲು ಕೆಳತುಟಿಗೆ ಮೆಲ್ಲಗೆ ತಾಗ್ಬೇಕು. ಮಗನ ಮನೆಗೆ ಬಂದಿರೋ ನಮ್ಮ ಕಡೆ ಅಜ್ಜಿಯರು ಬಂದ್ರೆ ನಾನು "ಸಾಸಿವೆ ಅನ್ನಿ ಅಜ್ಜಿ, ಫಿಲ್ಟರ್ ಕಾಫಿ ಅನ್ನಿ" ಅಂತೀನಿ. ಒಬ್ಬರು ಕಾಫಿ ಅಂದವರೇ, ಇಲ್ಲಿ ಸಿಗೋ ಹಾಲು ಸರಿಯಿಲ್ಲ ಅಂತ ಶುರು ಮಾಡಿ ಕಾಲು ಗಂಟೆ ಮಾತಾಡಿದ್ರು, ನಂಗೆ ಅದಕ್ಕಿಂತ ಒಳ್ಳೆ ಟೆಸ್ಟು ಬೇಕಿರಲಿಲ್ಲ.

ಇನ್ನೊಂದು ಮುಖ್ಯ ವಿಷಯ ಓರಲ್ ಪ್ಯಾಥಾಲಜಿ, ಅಂದ್ರೆ ಬಾಯಿ ಕಾಯಿಲೆಗಳ ಓದು. ಡೆಂಚರಿಸ್ಟ್ ಕಾಯಿಲೆಗೆ ಔಷಧಿ ಕೊಡೋನಲ್ಲ, ಆದ್ರೆ ವರ್ಷಗಟ್ಟಲೆ ಡೆಂಟಿಸ್ಟ್ ಮುಖಾನೇ ನೋಡದ ವಯಸ್ಸಾದೋರ ಬಾಯಿ ಮೊದಲು ನೋಡೋನು ಅವನೇ ಆಗಿರ್ತಾನೆ. ಸೆಟ್ ರಾತ್ರಿ ತೆಗೆಯದೆ ಮಲಗೋರ ಅಂಗುಳ ಕೆಂಪಾಗಿರತ್ತೆ, ಅದು ಫಂಗಸ್. ನಾಲಿಗೆ ಪಕ್ಕ, ಕೆನ್ನೆ ಒಳಗೆ ಬಿಳಿ ಮಚ್ಚೆ, ವಾಸಿ ಆಗದ ಹುಣ್ಣು ಕಂಡ್ರೆ ಅಳತೆ ಗಿಳತೆ ಎಲ್ಲ ಪಕ್ಕಕ್ಕಿಟ್ಟು ಅವತ್ತೇ ಡೆಂಟಿಸ್ಟ್ ಹತ್ರನೋ ಸರ್ಜನ್ ಹತ್ರನೋ ಕಳಿಸಬೇಕು. ಎಲೆಅಡಿಕೆ, ಗುಟ್ಕಾ ಅಭ್ಯಾಸ ಇದ್ದ ನಮ್ಮ ಕಡೆಯೋರು ಬಂದಾಗ ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ, ಟ್ರೇನೇ ಒಳಗೆ ಹೋಗಲ್ಲ, ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅದು ಕ್ಯಾನ್ಸರಿಗೆ ತಿರುಗಬಹುದು. ಇದನ್ನ ಗುರುತಿಸೋಕೆ ಬರದೋನು ಎಷ್ಟೇ ಚಂದ ಹಲ್ಲು ಜೋಡಿಸಿದ್ರೂ ಅವನ ಕೈಗೆ ಪೇಷಂಟ್ ಕೊಡಬಾರದು, ನನ್ನ ಪ್ರಕಾರ ಆ 3 ವರ್ಷದ ಅರ್ಧ ಬೆಲೆ ಇದಕ್ಕೇ.

ಕೋರ್ಸ್ ಮುಗಿದ್ರೆ ಮುಗೀಲಿಲ್ಲ. ಒಂಟಾರಿಯೋದಲ್ಲಿ ಕ್ವಾಲಿಫೈಯಿಂಗ್ ಎಕ್ಸಾಮ್ ಅಂತ ಇದೆ, ಒಂದು ಭಾಗ ಮಲ್ಟಿಪಲ್ ಚಾಯ್ಸ್, ಇನ್ನೊಂದು ಓಸ್ಕಿ, ಅಂದ್ರೆ ಒಂದೊಂದು ಸ್ಟೇಷನ್ನಿಗೆ ಹೋಗ್ಬೇಕು, ಅಲ್ಲಿ ಪೇಷಂಟ್ ತರ ನಟಿಸೋರು ಇರ್ತಾರೆ, ಗಡಿಯಾರ ಓಡ್ತಿರತ್ತೆ, ನೀವು ಕೇಳಬೇಕಾದ್ದು ಕೇಳಿ, ಹೇಳಬೇಕಾದ್ದು ಹೇಳಿ, ಒಪ್ಪಿಗೆ ತಗೊಂಡು, ಮುಂದಿನ ರೂಮಿಗೆ ಓಡಬೇಕು. ನಮ್ಮೋರು ಸೋಲೋದು ಕೈಕೆಲಸದಲ್ಲಲ್ಲ, ಇಲ್ಲಿ. ಪೇಷಂಟಿಗೆ "ನೋಡಿ ಕೆಳಗಿನ ಸೆಟ್ ಮೇಲಿನಷ್ಟು ಗಟ್ಟಿ ಕೂರಲ್ಲ, ನಾಲಿಗೆ ಅದನ್ನ ತಳ್ಳತ್ತೆ, ಮೊದಲ ವಾರಗಳು ಕಷ್ಟ, ಇದು ನಿಮ್ಮ ಹಳೇ ಹಲ್ಲು ಆಗಲ್ಲ" ಅಂತ ಸಮಾಧಾನದಿಂದ ಇಂಗ್ಲಿಷಲ್ಲಿ ಹೇಳಿ, ಅವರು ಅತ್ರೆ ಕಾಯೋದು. ನಾವು ಲ್ಯಾಬಲ್ಲಿ ಬೆಳೆದೋರು ಮಾತಾಡಿದ್ದೇ ಕಮ್ಮಿ. ಇದರ ಜೊತೆ ಇಲ್ಲಿನ ಕಾನೂನು ಗೊತ್ತಾ ಅಂತ ಜೂರಿಸ್‌ಪ್ರುಡೆನ್ಸ್ ಪರೀಕ್ಷೆ, ಪೊಲೀಸ್ ರೆಕಾರ್ಡ್, ಇನ್ಷೂರೆನ್ಸ್, ಎಲ್ಲ ಆದ್ಮೇಲೆ ರಿಜಿಸ್ಟ್ರೇಷನ್, ಆಮೇಲೂ ಪ್ರತಿ ವರ್ಷ ಫೀಸು, ಕಲಿಕೆಯ ಲೆಕ್ಕ. ಒಂದು ಪ್ರಾಂತ್ಯದಲ್ಲಿ ರಿಜಿಸ್ಟರ್ ಆದ್ರೆ ಇನ್ನೊಂದಕ್ಕೆ ಹೋಗೋದು ಅಷ್ಟು ಕಷ್ಟ ಇಲ್ಲ, ಅದೊಂದು ಅನುಕೂಲ.

ಬಿಡಿಎಸ್ ಡಾಕ್ಟ್ರುಗಳೇ, ಈಗ ನಿಮಗೆ. ಕೆನಡಾದಲ್ಲಿ ಡೆಂಟಿಸ್ಟ್ ಆಗ್ಬೇಕಂದ್ರೆ ನಿಮ್ಮ ದಾರಿ ಎನ್‌ಡಿಇಬಿ (ಡೆಂಟಿಸ್ಟ್‌ಗಳಿಗೆ ಪರೀಕ್ಷೆ ನಡೆಸೋ ಕೆನಡಾದ ಬೋರ್ಡು), ಅದರಲ್ಲಿ ಸಾಲು ಸಾಲು ಪರೀಕ್ಷೆಗಳು, ಇಲ್ಲಾಂದ್ರೆ ಯೂನಿವರ್ಸಿಟಿಗಳಲ್ಲಿ ಇರೋ ಡಿಗ್ರಿ ಕಂಪ್ಲೀಷನ್ ಸೀಟು. ದುಬಾರಿ, ಕಷ್ಟ, ನಿಜ. ಆದ್ರೆ ಡೆಂಚರಿಸ್ಟ್ ಆದ್ರೆ ಅದರಲ್ಲಿ ಒಂದು ಪೇಪರ್ ಕೂಡ ಕಮ್ಮಿ ಆಗಲ್ಲ. ಬಿಡಿಎಸ್ ಆಗಿದೆ ಅಂತ ಡೆಂಚರಿಸ್ಟ್ ರಿಜಿಸ್ಟ್ರೇಷನ್ ತನ್ನಷ್ಟಕ್ಕೆ ಸಿಗೋದೂ ಇಲ್ಲ, ಸಂಸ್ಥೆ ನಿಮ್ಮ ಓದನ್ನ ಡೆಂಚರಿಸಂ ಕೋರ್ಸ್ ಜೊತೆ ಹೋಲಿಸಿ ನೋಡತ್ತೆ, ನಮ್ಮ ಬಿಡಿಎಸ್‌ನಲ್ಲಿ ಲ್ಯಾಬ್ ಕೆಲಸ ಎಷ್ಟು ಮಾಡಿದೀರಾ ಅಂತ ನಿಮ್ಮ ಮನಸ್ಸಿಗೇ ಗೊತ್ತು, ಪ್ರಾಕ್ಟಿಕಲ್ ಕೋಟಾ ಮುಗಿಸೋಕೆ ಲ್ಯಾಬ್ ಅಣ್ಣನ ಕೈಲಿ ಟೀತ್ ಸೆಟ್ಟಿಂಗ್ ಮಾಡಿಸ್ಕೊಂಡೋರು ಯಾರ್ಯಾರು ಅಂತ ಆ ಅಣ್ಣಂದಿರಿಗೂ ಗೊತ್ತು 😄. ನಿಮಗೆ ಪ್ರಾಸ್ಥೊ (ಹೋದ ಹಲ್ಲಿಗೆ ಬದಲಿ ಹಲ್ಲು ಕೊಡೋ ವಿಭಾಗ) ಇಷ್ಟ, ಮುದುಕರ ಜೊತೆ ತಾಳ್ಮೆಯಿಂದ ಕೂರೋದು ಇಷ್ಟ, ಉಗುರಲ್ಲಿ ಪ್ಲಾಸ್ಟರ್ ಇದ್ರೂ ಪರವಾಗಿಲ್ಲ ಅನ್ನೋದಾದ್ರೆ ಬನ್ನಿ, ಬಹಳ ಒಳ್ಳೆ ಕೆಲಸ. ಡಾಕ್ಟರ್ ಬೋರ್ಡಿಗೆ ಹಿಂಬಾಗಿಲು ಅಂತ ಬಂದ್ರೆ ಇದೂ ಇಲ್ಲ ಅದೂ ಇಲ್ಲ.

ಕೆಲಸ ಇದೆಯಾ ಅಂತ ಅಪ್ಪ ಅಮ್ಮಂದಿರು ಕೇಳ್ತೀರಿ. ಇದೆ. ಕೆನಡಿಯನ್ ಡೆಂಟಲ್ ಕೇರ್ ಪ್ಲಾನ್ ಅಂತ ಸರ್ಕಾರದ ಯೋಜನೆ ಬಂದು 2024 ಮೇ 1ರಿಂದ ಚಿಕಿತ್ಸೆ ಶುರುವಾಯ್ತು, ಮೊದಲು ಹಿರಿಯರಿಂದಾನೇ ಶುರು ಮಾಡಿದ್ದು. ಬೇರೆ ಡೆಂಟಲ್ ಇನ್ಷೂರೆನ್ಸ್ ಇಲ್ಲದ, ಕುಟುಂಬದ ಆದಾಯ ವರ್ಷಕ್ಕೆ 90,000 ಡಾಲರಿಗಿಂತ ಕಮ್ಮಿ ಇರೋರಿಗೆ ಅದು, ಡೆಂಚರಿಸ್ಟ್‌ಗಳೂ ಅದರಲ್ಲಿ ನೇರವಾಗಿ ಬಿಲ್ ಮಾಡಬಹುದು. ಎಷ್ಟೋ ವರ್ಷ ದುಡ್ಡಿಲ್ಲದೆ ಒಡೆದ ಸೆಟ್ಟಿಗೆ ಅಂಗಡಿ ಗೋಂದು ಹಚ್ಕೊಂಡು ಓಡಾಡ್ತಿದ್ದೋರೆಲ್ಲ ಈಗ ಬರ್ತಿದಾರೆ. ಒಂದು ವಿಷಯ, ಸೂಪರ್ ವೀಸಾ ಮೇಲೆ ಮೊಮ್ಮಕ್ಕಳನ್ನ ನೋಡೋಕೆ ಬರೋ ನಿಮಗೆ ಈ ಯೋಜನೆ ಸಿಗಲ್ಲ, ಇಲ್ಲಿ ಟ್ಯಾಕ್ಸ್ ಕಟ್ಟೋ ನಿವಾಸಿ ಆಗಿರ್ಬೇಕು, ಹಂಗಾಗಿ ಹಲ್ಲಿನ ಕೆಲಸ ಏನಿದ್ರೂ ಊರಲ್ಲೇ ಮುಗಿಸ್ಕೊಂಡು ವಿಮಾನ ಹತ್ತಿ.

ಕನ್ಸಲ್ಟೆನ್ಸಿಯೋರಿಗೆ ನಾನು ಹೇಳೋದು ಜಾಸ್ತಿ ಇಲ್ಲ. ಡೆಂಟಲ್ ಆಫೀಸ್ ಅಡ್ಮಿನಿಸ್ಟ್ರೇಷನ್ ಬೇರೆ, ಡೆಂಟಲ್ ಅಸಿಸ್ಟಿಂಗ್ ಬೇರೆ, ಡೆಂಟಲ್ ಟೆಕ್ನಾಲಜಿ ಬೇರೆ, ಡೆಂಚರಿಸಂ ಬೇರೆ. ಮೊದಲನೇದು ಓದಿಸಿ "ಡೆಂಟಲ್ ಫೀಲ್ಡಲ್ಲೇ ಇದೆ, ಒಳಗೆ ಹೋದ್ಮೇಲೆ ಬದಲಾಯಿಸ್ಕೊಳ್ಳಿ" ಅಂತ ಕಳಿಸಿದ ಹುಡುಗಿ ಒಬ್ಬಳು ಇಲ್ಲಿ ನನ್ನ ಮುಂದೆ ಕೂತು ಅತ್ತಿದಾಳೆ, ಅವಳಪ್ಪ ತೋಟದ ಮೇಲೆ ಸಾಲ ಮಾಡಿ ಕಳಿಸಿದ್ದು. ಹೋಗೋರೇ, ನೀವೇ ನಾಲ್ಕು ಇಮೇಲ್ ಹಾಕಿ. ಈ ವರ್ಷ ಈ ಕೋರ್ಸಿಗೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ಸ್ ತಗೋತೀರಾ ಅಂತ ಕಾಲೇಜಿಗೆ, ಈ ಕೋರ್ಸ್ ಮುಗಿಸಿದ್ರೆ ನಿಮ್ಮ ಪರೀಕ್ಷೆಗೆ ಕೂರಿಸ್ತೀರಾ ಅಂತ ಆ ಪ್ರಾಂತ್ಯದ ರಿಜಿಸ್ಟ್ರೇಷನ್ ಸಂಸ್ಥೆಗೆ. ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್ ರೂಲ್ಸ್ 2024ರ ನವೆಂಬರಿಂದ ಬದಲಾಗಿದೆ, ಕಾಲೇಜ್ ಕೋರ್ಸುಗಳಿಗೆ ಯಾವ ಫೀಲ್ಡು ಅನ್ನೋದೂ ಲೆಕ್ಕಕ್ಕೆ ಬರತ್ತೆ, ಸರ್ಕಾರದ ವೆಬ್‌ಸೈಟಲ್ಲಿ ನಿಮ್ಮ ಕೋರ್ಸ್ ಆ ಲಿಸ್ಟಲ್ಲಿ ಇದೆಯಾ ಅಂತ ನಿಮ್ಮ ಕಣ್ಣಲ್ಲೇ ನೋಡಿ, ಏಜೆಂಟ್ ಮೊಬೈಲಲ್ಲಿ ತೋರಿಸೋ ಸ್ಕ್ರೀನ್‌ಶಾಟಲ್ಲಿ ಅಲ್ಲ. ಉತ್ತರ ಬರೋವರೆಗೂ ಅಡ್ವಾನ್ಸ್ ಕೊಡಬೇಡಿ. ಹೊರಗಿನ ಮಕ್ಕಳ ಫೀಸು ಇಲ್ಲಿಯವರದ್ದಕ್ಕಿಂತ ಹಲವು ಪಟ್ಟು, ಅದರ ಮೇಲೆ ಇನ್ಸ್ಟ್ರುಮೆಂಟ್ ಕಿಟ್ಟು, ಟೊರಾಂಟೋ ಬಾಡಿಗೆ.

ಕೊನೇದಾಗಿ ಪ್ರಿನ್ಸಿಪಾಲ್ ಸರ್, ಮೇಡಂ, ನಿಮ್ಮ ಹತ್ರ ಕೇಳೋದು ಒಂದೇ, ಅದಕ್ಕೆ ಯಾವ ಕಾನೂನೂ ಬದಲಾಗ್ಬೇಕಿಲ್ಲ, ಬಜೆಟ್ಟೂ ಬೇಡ. ನಿಮ್ಮಲ್ಲಿ ಡೆಂಟಲ್ ಮೆಕ್ಯಾನಿಕ್ ಓದಿದ ಮಕ್ಕಳು ಹೊರಗೆ ಹೋಗ್ಬೇಕಂದ್ರೆ ಅಲ್ಲಿಯೋರು ಕೇಳೋದು ಬರೀ ಮಾರ್ಕ್ಸ್ ಕಾರ್ಡ್ ಅಲ್ಲ. ಯಾವ ಸಬ್ಜೆಕ್ಟು ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಪ್ರಾಕ್ಟಿಕಲ್, ಕಂಪ್ಲೀಟ್ ಡೆಂಚರ್ ಎಷ್ಟು ಮಾಡಿದ್ದಾನೆ, ಪಾರ್ಷಿಯಲ್ ಎಷ್ಟು, ಲೋಹದ ಕಾಸ್ಟಿಂಗ್ ಮಾಡಿದಾನಾ ಇಲ್ವಾ, ಇದೆಲ್ಲ ಇಂಗ್ಲಿಷಲ್ಲಿ ಬರ್ದು, ಲೆಟರ್‌ಹೆಡ್ ಮೇಲೆ, ಸೀಲ್ ಹಾಕಿ, ಎಷ್ಟೋ ಸಲ ಕಾಲೇಜಿಂದಾನೇ ನೇರ ಕಳಿಸ್ಬೇಕು. ನನ್ನ ಹಳೇ ಕಾಲೇಜಲ್ಲಿ ಇದನ್ನ ಕೇಳಿದಾಗ ಅಂಥದ್ದೆಲ್ಲ ಬಿಡಿಎಸ್‌ನವರಿಗೆ ಮಾತ್ರ ಕೊಡೋದು ಅಂತ ಹೇಳಿ ತಿಂಗಳುಗಟ್ಟಲೆ ಓಡಾಡಿಸಿದ್ರು, ನನ್ನ ತಮ್ಮ ಕೆಲಸಕ್ಕೆ ರಜಾ ಹಾಕಿ ಕೌಂಟರ್ ಮುಂದೆ ನಿಂತಿದ್ದ. ಒಂದು ಸಲ ಕೂತು ಸಿಲಬಸ್ ಗಂಟೆಗಳ ಲೆಕ್ಕದ ಒಂದು ಫಾರ್ಮ್ಯಾಟ್ ಮಾಡಿಟ್ಬಿಡಿ, ಬ್ಯಾಚ್ ಬ್ಯಾಚಿಗೂ ಅದೇ ನಡೆಯತ್ತೆ. ಹಾಗೇ ಫೈನಲ್ ಇಯರ್ ಮಕ್ಕಳಿಗೆ ಪಕ್ಕದ ಕ್ಲಿನಿಕ್ಕಲ್ಲಿ ಪ್ರಾಸ್ಥೊ ಡಾಕ್ಟ್ರು ಅಳತೆ ತಗೊಳ್ಳೋವಾಗ, ಟ್ರಯಲ್ ನೋಡೋವಾಗ ನಿಂತು ನೋಡೋಕೆ ಬಿಡಿ. ಮುಟ್ಟೋದು ಬೇಡ, ನೋಡ್ಲಿ ಸಾಕು. ಅದನ್ನೂ ಆ ಕಾಗದದಲ್ಲಿ ಗಂಟೆ ಲೆಕ್ಕದಲ್ಲಿ ಬರೀಬಹುದು.

ಲ್ಯಾಬ್ ಕಡೆಯಿಂದ ಯಾರಿಗಾದ್ರೂ ಕಾಲೇಜಿಗೆ ಹಾಕೋ ಇಮೇಲ್ ಬರೆಯೋಕೆ ಕಷ್ಟ ಆದ್ರೆ ಹೇಳಿ, ಕನ್ನಡದಲ್ಲೇ ಬರ್ದು ಕಳಿಸಿ, ಇಂಗ್ಲಿಷ್ ಮಾಡ್ಕೊಡ್ತೀನಿ.

ಇತಿ,
ಒಂಟಾರಿಯೋದಿಂದ ಒಬ್ಬ ಹಲ್ ಸೆಟ್ ಮಾಡೋನು